ಕೆಲಸ ಬಿಟ್ಟು ಏಳುವುದು ನುಣುಚಿಕೊಂಡಂತೆಯೇ?

ಪ್ರಶ್ನೆ: ನಾನು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಗುಣಮಟ್ಟ ತಪಾಸಣೆಯ ಕೆಲಸದಲ್ಲಿದ್ದೇನೆ. ಮೂರು ವಾರಗಳಿಂದ ಪಂಪಿನ ಬಾಡಿಯ ಎರಕದಲ್ಲಿ ಬ್ಲೋಹೋಲ್, ಅಂದರೆ ಗ್ಯಾಸ್ ಸಿಕ್ಕಿಕೊಂಡು ಆಗುವ ರಂಧ್ರಗಳು, ಬೀಳುತ್ತಿವೆ. ಅಚ್ಚಿನ ಮರಳಿನ ತೇವ ಇಳಿಸಿದೆ, ಮರಳನ್ನೇ ಬದಲಿಸಿದೆ, ಮತ್ತೆ ತೇವ ಅಳೆದೆ, ಮರಳು ಕಲಸುವ ಹೊತ್ತು ಹೆಚ್ಚಿಸಿದೆ. ರಿಜೆಕ್ಷನ್ ಮಾತ್ರ ಇಳಿಯಲಿಲ್ಲ. ದಿನವೂ ರಾತ್ರಿ ಹತ್ತರವರೆಗೆ ಅವೇ ವರದಿಗಳ ಮುಂದೆ ಕೂರುತ್ತೇನೆ. ನಮ್ಮ ಹಿರಿಯ ಮೇಸ್ತ್ರಿಯವರು, “ತಮ್ಮಾ, ಎರಡ ದಿನಾ ಅದನ್ನ ಬಿಟ್ಟಬಿಡು” ಎನ್ನುತ್ತಾರೆ. ಇಂಥ ಹೊತ್ತಿನಲ್ಲಿ ಬಿಡುವುದು ಜವಾಬ್ದಾರಿಯಿಂದ ನುಣುಚಿಕೊಂಡಂತೆ ಆಗುವುದಿಲ್ಲವೇ?
— ಹೆಸರು ಬೇಡ, ಬೆಳಗಾವಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಮಾಡಿದ ನಾಲ್ಕು ಪ್ರಯತ್ನಗಳೂ ಮರಳಿಗೇ ಸಂಬಂಧಿಸಿವೆ. ಎರಕದ ಒಳಗೆ ಪೊಳ್ಳು ಉಳಿಯಲೆಂದು ಅಚ್ಚಿನಲ್ಲಿಡುವ ಕೋರಿನ ಬಗ್ಗೆಯಾಗಲಿ, ಅದರಿಂದ ಗ್ಯಾಸ್ ಹೊರಹೋಗುವ ದಾರಿಯ ಬಗ್ಗೆಯಾಗಲಿ ಒಂದು ಮಾತೂ ಇಲ್ಲ. ಕರಗಿದ ಕಬ್ಬಿಣ ತಾಗಿದಾಗ ಕೋರಿನ ಅಂಟಿನಿಂದಲೂ ಗ್ಯಾಸ್ ಏಳುತ್ತದೆ, ದಾರಿ ಮುಚ್ಚಿದ್ದರೆ ಅದು ಲೋಹದೊಳಗೇ ಸಿಕ್ಕಿಕೊಳ್ಳುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕಾರಣ ಅದೇ ಎಂದು ಇಲ್ಲಿ ಕೂತು ನಾನು ಹೇಳಲಾರೆ. ಆದರೆ ಗೊತ್ತಿರುವ ಸಂಗತಿಯೇ ಮೂರು ವಾರ ಗಮನಕ್ಕೆ ಬಾರದೆ ಹೋಗಿದೆಯಲ್ಲ, ನನ್ನ ಉತ್ತರ ಅದಕ್ಕೆ ಸಂಬಂಧಿಸಿದ್ದು.

1942ರಲ್ಲಿ ಅಬ್ರಹಾಂ ಲೂಚಿನ್ಸ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಪ್ರಯೋಗವಿದೆ. 21, 127 ಮತ್ತು 3 ಅಳತೆಯ ಮೂರು ಪಾತ್ರೆಗಳಿಂದ 100 ಅಳತೆ ನೀರು ತೆಗೆಯಬೇಕು: ದೊಡ್ಡದನ್ನು ತುಂಬಿ, ಅದರಿಂದ ಮೊದಲನೆಯದಕ್ಕೆ ಒಮ್ಮೆ, ಚಿಕ್ಕದಕ್ಕೆ ಎರಡು ಸಲ ಸುರಿದರೆ ಲೆಕ್ಕ ಸರಿಹೋಗುತ್ತದೆ. ಇದೇ ದಾರಿಯಲ್ಲಿ ಬಿಡಿಸಬಹುದಾದ ಕೆಲವು ಲೆಕ್ಕಗಳಾದ ಮೇಲೆ 23, 49, 3ರ ಪಾತ್ರೆಗಳನ್ನು ಕೊಟ್ಟು 20 ಕೇಳಿದಾಗ, ಬಹುಪಾಲು ಜನ ಅದೇ ಸುತ್ತುದಾರಿ ಹಿಡಿದರು. 23ರಿಂದ 3 ತೆಗೆದರೆ ಸಾಕಿತ್ತು. ರೂಢಿಯಾದ ದಾರಿ ಅವರ ಕಣ್ಣಿಗೆ ಅಡ್ಡವಾಗಿತ್ತು. ಆ ರೂಢಿಯಿಲ್ಲದೆ ನೇರವಾಗಿ ಈ ಲೆಕ್ಕಕ್ಕೆ ಬಂದವರು ಸುಲಭದ ದಾರಿಯನ್ನೇ ಹಿಡಿದರು.

ನನ್ನ ಬಾಲ್ಯ ಕಳೆದದ್ದು ಇಳಕಲ್ಲಿನ ನೇಕಾರರ ಮನೆಯಲ್ಲಿ. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಅಪ್ಪನ ಕಣ್ಣಿಗೂ ಬಟ್ಟೆಗೂ ಒಂದು ಮೊಳದ ದೂರವಿರುತ್ತಿತ್ತು. ಒಮ್ಮೆ ಸೀರೆಯ ಒಡಲಿನಲ್ಲಿ ಏನೋ ಐಬು ಇದೆ ಎನ್ನಿಸಿ, ಎಳೆ ಎಳೆಯನ್ನೂ ತಡವಿ ನೋಡಿದರೂ ಅವರಿಗೆ ಸಿಗಲಿಲ್ಲ. ಬೇಸತ್ತು ಎದ್ದರು, ಹೊರಗೆ ಹೋಗಿ ಚಹಾ ಕುಡಿದರು, ಮರಳಿ ಬರುವಾಗ ಹೊಸ್ತಿಲಿನಲ್ಲಿಯೇ ನಿಂತುಬಿಟ್ಟರು. ನೇಯ್ದಷ್ಟು ಉದ್ದಕ್ಕೂ ಕೂದಲೆಳೆಯಂಥ ಒಂದು ಗೆರೆ ಅಲ್ಲಿಂದ ಕಾಣುತ್ತಿತ್ತು: ಹಾಸಿನ, ಅಂದರೆ ಉದ್ದದ, ಎಳೆಯೊಂದು ಎಳೆಗಳನ್ನು ಬಿಡಿಸಿ ಹಿಡಿಯುವ ಹಣಿಗೆಯ ಪಕ್ಕದ ಸಂದಿಗೆ ಸೇರಿಕೊಂಡಿತ್ತು. ಅಪ್ಪ ಆ ಹೊತ್ತು ಸೀರೆಯನ್ನು ಮರೆತಿರಲಿಲ್ಲ ಎಂಬುದು ನನಗೆ ಇಂದಿಗೂ ನೆನಪಿದೆ. ಲೋಟ ಹಿಡಿದು ಸುಮ್ಮನೆ ಕೂತಿದ್ದರು, ಅಷ್ಟೇ.

ನುಣುಚಿಕೊಳ್ಳುವ ಮಾತಿಗೆ ಬಂದರೆ, ಸಮಸ್ಯೆ ಬಿಡಿಸುವಾಗ ನಡುವೆ ವಿರಾಮ ಕೊಟ್ಟು ನೋಡಿದ ಅನೇಕ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2009ರ ಅಧ್ಯಯನವೊಂದು, ವಿರಾಮಕ್ಕೆ ಮೊದಲು ಹೆಚ್ಚು ಹೊತ್ತು ಸಮಸ್ಯೆಯೊಡನೆ ಹೆಣಗಿದವರಿಗೇ ವಿರಾಮದ ಫಲ ಹೆಚ್ಚು ಎಂದು ಕಂಡುಕೊಂಡಿದೆ. ಮೂರು ವಾರ ದುಡಿದ ನಿಮಗೆ ಈ ವಿರಾಮ ಸಲ್ಲಬೇಕಾದದ್ದೇ. ಏನನ್ನೂ ಮಾಡದೆ ಬಿಟ್ಟೇಳುವವರ ವಿಷಯ ಬೇರೆ.

ಆದ್ದರಿಂದ ಶನಿವಾರ ಸಂಜೆ ಒಂದೇ ಹಾಳೆಯಲ್ಲಿ ಈವರೆಗೆ ಮಾಡಿದ್ದನ್ನೆಲ್ಲ ಬರೆದು, ವರದಿಗಳನ್ನು ಫೌಂಡ್ರಿಯಲ್ಲೇ ಬಿಟ್ಟು ಹೊರಡಿ. ಭಾನುವಾರ ಕೋಟೆ ಕೆರೆಯ ದಂಡೆಯಲ್ಲಿ ನಡೆಯಿರಿ, ಮನೆಯವರೊಡನೆ ಊಟ ಮಾಡಿ. ಬ್ಲೋಹೋಲಿನ ಯೋಚನೆ ಬಂದರೆ ಬಂದು ಹೋಗಲಿ, ಅದರ ಜೊತೆ ವಾದಕ್ಕೆ ಇಳಿಯಬೇಡಿ. ಸೋಮವಾರ ವರದಿ ತೆರೆಯುವ ಮೊದಲು ತಿರಸ್ಕೃತ ಎರಕಗಳಲ್ಲಿ ಹತ್ತನ್ನು ನೆಲದ ಮೇಲೆ ಸಾಲಾಗಿ ಇಡಿಸಿ, ರಂಧ್ರವಿರುವಲ್ಲೆಲ್ಲ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲಿ. ಗುರುತುಗಳು ಒಂದೇ ಕಡೆ ಗುಂಪಾಗಿವೆಯೇ, ಎಲ್ಲೆಡೆ ಚೆದುರಿವೆಯೇ? ನಿಮ್ಮ ಅನುಮಾನವನ್ನು ಬಾಯಿಬಿಡದೆ ಮೇಸ್ತ್ರಿಯವರನ್ನೂ ಪಕ್ಕಕ್ಕೆ ಕರೆದು ಇದೇ ಪ್ರಶ್ನೆ ಕೇಳಿ. ಅವರಿಗೆ ಏನು ಕಂಡಿತು ಎಂಬುದನ್ನು ನಮಗೂ ಬರೆದು ತಿಳಿಸಿ.