ಮಾಡಿದ, ಮಾಡಿಸಿದ, ಮಾಡಿದನಂತೆ

ನಮಸ್ಕಾರ ಮೇಷ್ಟ್ರೇ,

ಬೇಲೂರಿನಿಂದ ನೀವು ಕಳಿಸಿದ '150 ಪ್ರಶ್ನೆ, 150 ಉತ್ತರ' ಕಟ್ಟು ಕೈ ಸೇರಿ ಮೂರು ವಾರ ಆಯಿತು. ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಹಾಸನದ ನಮ್ಮ ಆಫೀಸಿನಲ್ಲಿ ಬಂದದ್ದನ್ನೆಲ್ಲ ಓದುವವನು ನಾನೊಬ್ಬನೇ. ವಾರಕ್ಕೆ ಹತ್ತರಂತೆ ಪತ್ರಿಕೆಯಲ್ಲಿ ಹಾಕಿ ಅಂತ ಕೇಳಿದ್ದೀರಿ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಯಾಕೆ ಅಂತ ಬಿಚ್ಚಿ ಹೇಳುತ್ತೇನೆ, ಸುಮ್ನೆ 'ಸ್ಥಳಾವಕಾಶವಿಲ್ಲ' ಅಂತ ಕಾರ್ಡು ಹಾಕೋದು ನನಗೆ ಇಷ್ಟವಿಲ್ಲ.

31ನೇ ಪ್ರಶ್ನೆ: ನಮ್ಮ ರಾಜ್ಯದ ಮೊದಲ ಮುಖ್ಯಮಂತ್ರಿ ಯಾರು? ಉತ್ತರ, ಎಸ್. ನಿಜಲಿಂಗಪ್ಪ. 112ನೇ ಪ್ರಶ್ನೆಯೂ ಅದೇ. ಉತ್ತರ ಮಾತ್ರ ಕೆ.ಸಿ. ರೆಡ್ಡಿ! ಎರಡು ಗೈಡು ಪಕ್ಕಪಕ್ಕ ಇಟ್ಟುಕೊಂಡು ಇಳಿಸಿದ್ದೀರಿ ಅಂತ ಅಲ್ಲೇ ಗೊತ್ತಾಯಿತು. ಮಜಾ ಏನೆಂದರೆ ಎರಡೂ ಸುಳ್ಳಲ್ಲ. 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಜನರ ಸರ್ಕಾರ ಬಂದಾಗ ಕುರ್ಚಿಯಲ್ಲಿ ಕೂತವರು ರೆಡ್ಡಿ. 1956ರ ನವೆಂಬರ್ 1ಕ್ಕೆ ಕನ್ನಡ ಸೀಮೆಗಳೆಲ್ಲ ಒಂದಾದಾಗ ನಿಜಲಿಂಗಪ್ಪ. 1973ರಲ್ಲಿ ಕರ್ನಾಟಕ ಅಂತ ಹೆಸರಾದಾಗ ದೇವರಾಜ ಅರಸು. ಕೆಟ್ಟಿರುವುದು ಪ್ರಶ್ನೆ. ಯಾವಾಗಿನ ರಾಜ್ಯ ಅಂತ ಹೇಳದಿದ್ದರೆ ಪರೀಕ್ಷೆಗೆ ಕೂತ ಹುಡುಗ ನಾಣ್ಯ ಚಿಮ್ಮಿ ಉತ್ತರ ಬರೆಯಬೇಕು.

ಖಂಡಿತ ತಪ್ಪು ಅನ್ನುವಂಥವೂ ಇವೆ. ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಗೆದ್ದು ಪ್ರಧಾನಿಯಾದರು ಅಂತ ಬರೆದಿದ್ದೀರಿ. ಇಲ್ಲ. 1978ರ ನವೆಂಬರ್‌ನಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು ನಿಜ, ಆದರೆ ಡಿಸೆಂಬರ್‌ನಲ್ಲೇ ಸದನದಿಂದ ಅವರನ್ನು ಹೊರಹಾಕಿದರು. ಮತ್ತೆ ಪ್ರಧಾನಿಯಾದದ್ದು 1980ರ ಜನವರಿಯಲ್ಲಿ, ರಾಯ್ ಬರೇಲಿ ಮತ್ತು ಮೇದಕ್ ಎರಡೂ ಕಡೆ ಗೆದ್ದು. ದೇವೇಗೌಡರು ಹಾಸನದ ಸಂಸದರಾಗಿದ್ದಾಗ ಪ್ರಧಾನಿಯಾದರು ಅನ್ನುವುದೂ ಹಾಗೇ. 1996ರ ಜೂನ್ 1ಕ್ಕೆ ಪ್ರಮಾಣ ವಚನ ಮಾಡುವಾಗ ಅವರು ಸಂಸತ್ತಿನ ಯಾವ ಸದನದಲ್ಲೂ ಇರಲಿಲ್ಲ, ರಾಮನಗರದ ಶಾಸಕರು, ಅಲ್ಲಿಯವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. ರಾಜ್ಯಸಭೆಗೆ ಹೋದದ್ದು ಆಮೇಲೆ. ಕುವೆಂಪು ಹುಟ್ಟಿದ್ದು ಕುಪ್ಪಳಿಯಲ್ಲಿ ಅಂತಲೂ ಇದೆ. ಬೆಳೆದದ್ದು ಕುಪ್ಪಳಿ. ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರು ಹಿರೇಕೊಡಿಗೆಯಲ್ಲಿ. ಅದು ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ. ನಮ್ಮ ಪಕ್ಕದ ಜಿಲ್ಲೆಯ ಹೆಮ್ಮೆಯನ್ನು ನಾವೇ ಶಿವಮೊಗ್ಗಕ್ಕೆ ಬಿಟ್ಟುಕೊಟ್ಟರೆ ಹೇಗೆ, ಅಲ್ವಾ?

ಇವನ್ನೆಲ್ಲ ಒಂದು ಸಂಜೆ ಕೂತು ತಿದ್ದಬಹುದು. ನನಗೆ ನಿಜವಾಗಿ ಬೇಸರ ತಂದದ್ದು 64ನೇ ಪ್ರಶ್ನೆ.

'ಶ್ರವಣಬೆಳಗೊಳದ ಗೊಮ್ಮಟನನ್ನು ಕೆತ್ತಿದವರು ಯಾರು? ಚಾವುಂಡರಾಯ.'

ಮೇಷ್ಟ್ರೇ, ಚಾವುಂಡರಾಯ ಗಂಗರ ಮಂತ್ರಿ, ದಂಡನಾಯಕ. ಅವನು ಉಳಿ ಹಿಡಿದು 58 ಅಡಿ ಕಲ್ಲು ಕೆತ್ತಿದನೇ? ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ವರ್ಷಕ್ಕೊಮ್ಮೆ ಬೆಟ್ಟ ಹತ್ತುತ್ತೀರಂತೆ, ಪತ್ರದಲ್ಲಿ ನೀವೇ ಬರೆದಿದ್ದೀರಿ. ಮುಂದಿನ ಸಲ ಮೂರ್ತಿಯ ಪಾದದ ಪಕ್ಕ ನೋಡಿ. ಕನ್ನಡದಲ್ಲಿ ಕೆತ್ತಿದೆ: 'ಚಾಮುಂಡರಾಜಂ ಮಾಡಿಸಿದಂ'. ಮಾಡಿದಂ ಅಲ್ಲ, ಮಾಡಿಸಿದಂ. ಅದೇ ಮಾತು ತಮಿಳಿನಲ್ಲೂ ಮರಾಠಿಯಲ್ಲೂ ಇದೆ. ಸಾವಿರ ವರ್ಷದ ಹಿಂದೆ ಆ ಸಾಲು ಬರೆಸಿದವನಿಗೆ ಆ 'ಇಸು' ಎಷ್ಟು ಮುಖ್ಯ ಅಂತ ಗೊತ್ತಿತ್ತು, ನಿಮ್ಮ ಗೈಡಿಗೆ ಗೊತ್ತಿಲ್ಲ. ಆ ಸಾಲಿನಲ್ಲಿ ಇಸವಿಯೂ ಇಲ್ಲ. 981 ಅಂತ ನಾವು ಬರೆಯುವುದು ಬೇರೆ ಆಧಾರಗಳಿಂದ ಲೆಕ್ಕ ಹಾಕಿ, 983 ಅನ್ನುವವರೂ ಇದ್ದಾರೆ. ನಿಮ್ಮ ಮಕ್ಕಳಿಗೆ 'ಸುಮಾರು' ಅನ್ನುವ ಪದ ಕೊಡಿ, ನಷ್ಟ ಏನೂ ಇಲ್ಲ.

ಇದೇ ತಪ್ಪು ಕಟ್ಟಿನ ತುಂಬ ಇದೆ. ಬೇಲೂರಿನ ಗುಡಿಯನ್ನು ವಿಷ್ಣುವರ್ಧನ ಕಟ್ಟಿದ, ಹಳೇಬೀಡಿನದ್ದನ್ನೂ ಅವನೇ ಕಟ್ಟಿದ. ಬೇಲೂರಿನದು 1117ರಲ್ಲಿ ಅವನು ಕಟ್ಟಿಸಿದ್ದು, ಸರಿ. ಹಳೇಬೀಡಿನ ಹೊಯ್ಸಳೇಶ್ವರ ಗುಡಿ ಕಟ್ಟಿಸಲು ಓಡಾಡಿದವನು ಅವನ ಅಧಿಕಾರಿ ಕೇತಮಲ್ಲ. ಅವನ ಹೆಸರೇ ನಿಮ್ಮ ಪುಟಗಳಲ್ಲಿ ಇಲ್ಲ. (ನಾವೂ ಹಾಗೇ ಬಿಡಿ. ಗೃಹಪ್ರವೇಶದ ಕಾರ್ಡಿನಲ್ಲಿ ಮಾವನ ಕಡೆಯವರೆಲ್ಲರ ಹೆಸರು ಇರುತ್ತದೆ, ಗಾರೆ ಕೆಲಸದವನದು ಮಾತ್ರ ಇರುವುದಿಲ್ಲ.)

ಹೊಯ್ಸಳರ ಕೆಲಸಗಾರರು ನಮಗಿಂತ ಜಾಣರು. ತಮ್ಮ ಹೆಸರನ್ನು ತಾವೇ ಕೆತ್ತಿಕೊಂಡರು. ನಿಮ್ಮ ಬೇಲೂರಲ್ಲೇ ಮದನಿಕೆಯರ ಪೀಠದ ಮೇಲೆ ಬಳ್ಳಿಗಾವಿಯ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಕತ್ತು ನೋಯುವಷ್ಟು ಮೇಲೆ ನೋಡಿದರೆ ಪೀಠದ ಮೇಲಿನ ಅಕ್ಷರ ಎದ್ದು ಕಾಣುತ್ತದೆ. ಚನ್ನರಾಯಪಟ್ಟಣದ ಕಡೆ ನುಗ್ಗೇಹಳ್ಳಿಗೆ ಹೋದರೆ ಬೈಚೋಜ, ಮಲ್ಲಿತಮ್ಮ. ಇಷ್ಟು ಜನ ಸಹಿ ಹಾಕಿ ಹೋಗಿರುವಾಗ ನಿಮ್ಮ ಉತ್ತರ ಏನು? 'ಬೇಲೂರಿನ ಶಿಲ್ಪಿ ಜಕಣಾಚಾರಿ.' ಅಷ್ಟೇ!

ಜಕಣಾಚಾರಿಯ ಕಥೆ ಬೇಡ ಅನ್ನುತ್ತಿಲ್ಲ. ಅಪ್ಪ ಆರಿಸಿದ ಕಲ್ಲಿನಲ್ಲಿ ಮಗ ದೋಷ ಹಿಡಿದದ್ದು, ಒಳಗಿಂದ ಕಪ್ಪೆ ಬಂದದ್ದು, ಎಷ್ಟು ಸಲ ಕೇಳಿದರೂ ಚೆನ್ನ. ನಮ್ಮಜ್ಜಿ ಇದನ್ನು ಹೇಳುವಾಗ ಪ್ರತಿ ವಾಕ್ಯದ ಕೊನೆಗೆ 'ಅಂತೆ' ಸೇರಿಸುತ್ತಿದ್ದಳು. ಕಪ್ಪೆ ಬಂತಂತೆ, ಕೈ ಕಡಿದುಕೊಂಡನಂತೆ. ಶಾಲೆಯ ಮೆಟ್ಟಿಲು ಹತ್ತದ ಆಕೆ ತಾನು ನೋಡಿದ್ದಕ್ಕೂ ಕೇಳಿದ್ದಕ್ಕೂ ಗೆರೆ ಎಳೆದೇ ಮಾತಾಡುತ್ತಿದ್ದಳು. ನೀವು ಆ 'ಅಂತೆ'ಯನ್ನು ಕಿತ್ತು ಹಾಕಿ ನಾಲ್ಕು ಆಯ್ಕೆಯ ಪ್ರಶ್ನೆ ಮಾಡಿದ್ದೀರಿ. ಸಳ ಹುಲಿ ಕೊಂದ ಕಥೆಗೂ ಅಂತೆ ಬೇಕು. ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದ ಕಥೆಗೂ ಬೇಕು, ನೀವಂತೂ ಅದಕ್ಕೆ ಇಸವಿ ಮಾತ್ರ ಅಲ್ಲ, ತಿಂಗಳನ್ನೂ ಹಾಕಿದ್ದೀರಿ! ಹೊಯ್ಸಳರ ಮೂಲ ಸೊಸೆವೂರು, ಅಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂತ ಗುರುತಿಸಿದ್ದಾರೆ. ಅದು ಕಾಲಿಟ್ಟು ನೋಡಬಹುದಾದ ಊರು. ಹುಲಿಯ ಜತೆ ಆ ಊರೂ ಒಂದು ಸಾಲು ಬರಬೇಕಿತ್ತು.

ಹಲ್ಮಿಡಿಗೆ ಬರೋಣ. ನಿಮ್ಮ ತಾಲ್ಲೂಕೇ. 'ಕನ್ನಡದ ಮೊದಲ ಶಾಸನ, ಕ್ರಿ.ಶ. 450' ಎಂದು ಮುಗಿಸಿದ್ದೀರಿ. ಆ ಕಲ್ಲಿನ ಮೇಲೂ ಇಸವಿ ಇಲ್ಲ. ಲಿಪಿ ನೋಡಿ, ಅದರಲ್ಲಿ ಬರುವ ಕದಂಬ ದೊರೆಯ ಹೆಸರು ನೋಡಿ ಅಂದಾಜು ಮಾಡಿದ್ದು. ತಾಳಗುಂದದಲ್ಲಿ ಸಿಕ್ಕಿದ ಶಾಸನ ಸುಮಾರು 370ರದು, ಅದೇ ಹಳೆಯದು ಅನ್ನುವ ವಾದ ಈಗ ಬಲವಾಗಿದೆ. ಪರೀಕ್ಷೆಯಲ್ಲಿ ಹಲ್ಮಿಡಿ ಅಂತಲೇ ಬರೆಯಲಿ, ಅಂಕ ಬರಲಿ. ಆದರೆ ಓದುವವನಿಗೆ ಇದು ಇನ್ನೂ ತೀರ್ಮಾನವಾಗದ ವ್ಯಾಜ್ಯ ಅಂತ ಗೊತ್ತಾದರೆ ತಾಳಗುಂದ ಎಲ್ಲಿದೆ ಅಂತ ನಕಾಶೆ ತೆಗೆದು ನೋಡುತ್ತಾನೆ.

ಇಷ್ಟು ಬೈದ ಮೇಲೆ 88ನೆಯದನ್ನು ಹೇಳಲೇಬೇಕು. 'ಸವತಿ ಗಂಧವಾರಣ ಬಸದಿ ಕಟ್ಟಿಸಿದವರು ಯಾರು?' ವಿಷ್ಣುವರ್ಧನನ ರಾಣಿ ಶಾಂತಲಾದೇವಿ, 1123ರ ಹೊತ್ತಿಗೆ, ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ. ಇಲ್ಲಿ 'ಕಟ್ಟಿಸಿದವರು' ಅಂತ ಸರಿಯಾಗಿ ಬಿದ್ದಿದೆ, ಬೇಕಂತ ಬಿತ್ತೋ ಅಚಾನಕ್ಕಾಗಿ ಬಿತ್ತೋ. ಕೆಳಗೆ ಪೆನ್ಸಿಲ್ಲಿನಲ್ಲಿ ನಾಲ್ಕು ಸಾಲು ಗೀಚಿ ಆಮೇಲೆ ಹೊಡೆದು ಹಾಕಿದ್ದೀರಿ. ಬೆಳಕಿಗೆ ಹಿಡಿದು ಓದಿದೆ. ಏಳನೇ ಕ್ಲಾಸಿನ ಹುಡುಗಿ 'ಸವತಿ ಅಂದರೆ ಏನು ಸಾರ್' ಅಂತ ಕೇಳಿದ್ದು, ಸವತಿಯರ ಪಾಲಿಗೆ ಮದ್ದಾನೆ ಅನ್ನುವುದು ಶಾಂತಲೆಯ ಬಿರುದು ಅಂತ ನೀವು ಹೇಳಿದ್ದು, ಆಕೆ 'ಹಾಗಾದ್ರೆ ದೇವಸ್ಥಾನಕ್ಕೂ ಜಗಳದ ಹೆಸರೇ ಇಟ್ಟರಾ' ಅಂದದ್ದು, ಕ್ಲಾಸೆಲ್ಲ ನಕ್ಕಿದ್ದು. ಅದನ್ನು ಯಾಕೆ ಹೊಡೆದಿರಿ? 150ರಲ್ಲಿ ನೀವು ಬರೆದದ್ದು ಅದೊಂದೇ. ಮಿಕ್ಕದ್ದು ಗೈಡಿನದು.

ಹಾಗಾಗಿ ಹೀಗೆ ಮಾಡಿ. 150 ಬೇಡ, 12 ಸಾಕು. ಎಲ್ಲವೂ ನೀವು ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವಷ್ಟು ದೂರದವು ಇರಲಿ. ಒಂದೊಂದಕ್ಕೂ 200 ಪದ, ಅದರಲ್ಲಿ ಉತ್ತರ, ಆ ಉತ್ತರ ಎಲ್ಲಿಂದ ಬಂತು ಅನ್ನುವುದು, ಮಕ್ಕಳು ಏನಂದರು ಅನ್ನುವುದು. ಮೊದಲನೆಯದು ಸವತಿ ಗಂಧವಾರಣವೇ ಆಗಲಿ. ದಸರಾ ರಜೆ ಮುಗಿಯುವುದರೊಳಗೆ ಕೊಟ್ಟರೆ ನವೆಂಬರ್ ಸಂಚಿಕೆಗಳಲ್ಲಿ ಜಾಗ ಇಟ್ಟಿರುತ್ತೇನೆ. ಕಟ್ಟು ವಾಪಸ್ ಕಳಿಸುತ್ತಿದ್ದೇನೆ, ಕೆಂಪು ಇಂಕು ಸ್ವಲ್ಪ ಜಾಸ್ತಿಯೇ ಆಗಿದೆ. 88ನೇ ಪ್ರಶ್ನೆಯ ಪುಟ ಮಾತ್ರ ನನ್ನ ಹತ್ತಿರವೇ ಇದೆ.