ಇನ್ಸುಲಿನ್ ಚುಚ್ಚುವ ಮೊದಲು ಇಬ್ಬರು ನರ್ಸ್‌ಗಳು ಯಾಕೆ ನೋಡ್ತಾರೆ?

ಇನ್ಸುಲಿನ್‌ನಲ್ಲಿ ಅಳತೆ ತಪ್ಪಿದರೆ ಸಕ್ಕರೆ ದಿಢೀರ್ ಇಳಿದು ಜೀವಕ್ಕೇ ಅಪಾಯ, ಅದಕ್ಕೆ. ಆ ತಪ್ಪು ಆಗೋದೂ ಬಲು ಸುಲಭ.

ನಮ್ಮಲ್ಲಿ ಹೆಚ್ಚಾಗಿ ಎರಡು ಸಾಂದ್ರತೆಯ ಇನ್ಸುಲಿನ್ ಸಿಗುತ್ತದೆ. ಸಾಮಾನ್ಯ ಬಾಟಲಿಗಳಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್; ಕೆಲವು ಹೊಸ ಬಗೆಯ ಬಾಟಲಿ ಮತ್ತು ಪೆನ್‌ಗಳಲ್ಲಿ 100. ಸಿರಿಂಜೂ ಎರಡು: 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಬರೋದು ಅರ್ಧ ಮಿ.ಲೀ., ಅಂದರೆ 50 ಯೂನಿಟ್. ಅದಲುಬದಲಾಗಿ 40ರ ಬಾಟಲಿಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ 20ರ ಬದಲು ಬರೀ 8. ಗದಗ, ಹಾವೇರಿ ಕಡೆಯಿಂದ ಹುಬ್ಬಳ್ಳಿಗೆ ಬರುವವರು ಮನೆಯ ಬಾಟಲಿ, ಸಿರಿಂಜನ್ನೂ ಚೀಲದಲ್ಲಿ ತಂದಿರುತ್ತಾರೆ. ಒಂದೇ ವಾರ್ಡಿನಲ್ಲಿ ಎರಡೂ ಸೇರಿಬಿಡುತ್ತವೆ.

ಇಬ್ಬರು ನೋಡಿದರಷ್ಟೇ ಸಾಲದು, ಬೇರೆ ಬೇರೆಯಾಗಿ ನೋಡಬೇಕು. ‘20 ಯೂನಿಟ್ ಐತಿ, ನೋಡ್ರಿ’ ಅಂತ ಹೇಳಿ ತೋರಿಸಿದರೆ ಎರಡನೆಯವರ ಕಣ್ಣಿಗೂ 20 ಅಂತಲೇ ಕಾಣುತ್ತದೆ. ಹೊಸ ನರ್ಸ್‌ಗೆ ಹಿರಿಯ ಸಿಸ್ಟರ್ ಮೊದಲು ಕಲಿಸಬೇಕಾದ್ದು ಇದನ್ನೇ: ಹೇಳಬೇಡ, ಚೀಟಿ, ಬಾಟಲಿ, ಸಿರಿಂಜು ಕೈಗೆ ಕೊಟ್ಟು ಅವರಿಂದಲೇ ಓದಿಸು.

ಚೀಟಿಯಲ್ಲಿ ‘ಯೂನಿಟ್’ ಅಂತ ಪೂರ್ತಿ ಬರೆದಿರಬೇಕು. ಇಂಗ್ಲಿಷಿನ ‘ಯು’ ಅಕ್ಷರವೊಂದನ್ನೇ ಗೀಚಿದರೆ ಸೊನ್ನೆಯಂತೆ ಕಂಡು 10 ಹೋಗಿ 100 ಆಗುತ್ತದೆ.

ಮನೆಯಲ್ಲಿ ಚುಚ್ಚಿಕೊಳ್ಳುವವರೂ ಬಾಟಲಿಯ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಎರಡೂ ಒಂದೇನಾ ಅಂತ ಪ್ರತಿ ಸಲ ನೋಡ್ರಿ. ಚುಚ್ಚಿದ ಮೇಲೆ ಬೆವರು, ನಡುಕ, ಗಲಿಬಿಲಿ ಬಂದರೆ, ಎಚ್ಚರ ಇದ್ದು ನುಂಗಲು ಆಗುತ್ತಿದ್ದರೆ ಮಾತ್ರ, ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.