ಸರ್ವೆ ಹೇಳಿದ್ದು 10 ಮೀಟರ್, ಬಂಡೆ ಸಿಕ್ಕಿದ್ದು 17ಕ್ಕೆ

ಪ್ರಶ್ನೆ: ಸೇತುವೆಯ ಅಡಿಪಾಯಕ್ಕೆಂದು ಸೀಸ್ಮಿಕ್ ರಿಫ್ರ್ಯಾಕ್ಷನ್ ಸರ್ವೆ (ನೆಲಕ್ಕೆ ಸುತ್ತಿಗೆ ಹೊಡೆದು, ಎದ್ದ ಅಲೆ ಎಷ್ಟು ದೂರಕ್ಕೆ ಎಷ್ಟು ಹೊತ್ತಿನಲ್ಲಿ ತಲುಪಿತು ಎಂಬುದರಿಂದ ಬಂಡೆಯ ಆಳ ಲೆಕ್ಕ ಹಾಕುವುದು) ಮಾಡಿಸಿದ್ದರು. ಅಲೆಯನ್ನು ಗ್ರಹಿಸುವ ಜಿಯೋಫೋನ್‌ಗಳನ್ನು 5 ಮೀಟರಿಗೊಂದರಂತೆ ನೆಟ್ಟಿದ್ದರು. ಅಲೆಯ ವೇಗ ಮಣ್ಣಿನಲ್ಲಿ ಸೆಕೆಂಡಿಗೆ 500 ಮೀಟರ್, ಬಂಡೆಯಲ್ಲಿ 5000; ಬಂಡೆ 10 ಮೀಟರ್ ಆಳದಲ್ಲಿದೆ ಎಂದಿತು ವರದಿ. ಬೋರ್ ಕೊರೆದರೆ 8 ಮೀಟರ್ ಮಣ್ಣು, ಅದರಡಿ 9 ಮೀಟರ್ ಮೆದುಗಲ್ಲು, ಬಂಡೆ 17ಕ್ಕೆ. ಯಂತ್ರ ಕೆಟ್ಟಿತ್ತೇ?
— ಓದುಗರು, ತುಮಕೂರು ಜಿಲ್ಲೆ

ಉತ್ತರ: ಯಂತ್ರವನ್ನು ದೂರಬೇಕಿಲ್ಲ. ಅಲೆ ಬಂದ ಸಮಯವನ್ನು 1 ಮಿಲಿಸೆಕೆಂಡ್ ತಪ್ಪಾಗಿ ಓದಿದರೂ ಇಂಥ ನೆಲದಲ್ಲಿ ಆಳ ಕಾಲು ಮೀಟರಷ್ಟೇ ಏರುಪೇರಾಗುತ್ತದೆ. ಬಂಡೆಯ ವೇಗ 5000ದ ಬದಲು 4500 ಎಂದುಕೊಂಡರೆ ಲೆಕ್ಕ ಅಲುಗುವುದೇ ಇಲ್ಲ. ಮಣ್ಣಿನ ವೇಗ 500 ಅಲ್ಲ, 600 ಎಂದಾದರೆ ಮಾತ್ರ 2 ಮೀಟರ್ ಹೋಗುತ್ತದೆ. 7 ಮೀಟರ್ ತಪ್ಪಬೇಕಾದರೆ ಒಂದು ಪದರವೇ ಕೈಬಿಟ್ಟಿರಬೇಕು.

ಮೆದುಗಲ್ಲಿನ ವೇಗ 2000 ಎಂದಿಟ್ಟುಕೊಳ್ಳಿ. ಅದರೊಳಗೆ ಹಾದುಬಂದ ಅಲೆ ಎಲ್ಲಕ್ಕಿಂತ ಮೊದಲು ತಲುಪುವುದು ಸುತ್ತಿಗೆ ಹೊಡೆದ ಜಾಗದಿಂದ ಸುಮಾರು 21ರಿಂದ 30 ಮೀಟರ್ ದೂರದವರೆಗೆ ಮಾತ್ರ. ಅದಕ್ಕೂ ಹತ್ತಿರ ಮಣ್ಣಿನ ಅಲೆ ಮುಂದೆ, ಆಚೆ ಬಂಡೆಯದು. ದೂರಕ್ಕೆ ಎದುರಾಗಿ ಅಲೆ ಬಂದ ಸಮಯವನ್ನು ನಕ್ಷೆಯಲ್ಲಿ ಗುರುತಿಸಿದರೆ ಪ್ರತಿ ಪದರಕ್ಕೂ ಒಂದೊಂದು ಗೆರೆ ಬರುತ್ತದೆ. ನಿಮ್ಮ ಸಾಲಿನಲ್ಲಿ ಆ ನಡುವೆ ಇದ್ದದ್ದು 25ನೇ ಮೀಟರಿನ ಒಂದೇ ಜಿಯೋಫೋನ್; 30ರದ್ದು ಬಂಡೆಯ ಗೆರೆಗೂ ಹೊಂದುತ್ತದೆ. 25ರಲ್ಲಿ ಅಲೆ ಬಂಡೆಯ ಗೆರೆಗಿಂತ ಸುಮಾರು ಒಂದೂವರೆ ಮಿಲಿಸೆಕೆಂಡ್ ಮೊದಲೇ ಬಂದಿರುತ್ತದೆ. ಗಾಳಿಯ ಗದ್ದಲವೋ ಓದಿದ ತಪ್ಪೋ ಎಂದು ಅದನ್ನು ಬದಿಗೊತ್ತಿ, ಎರಡೇ ಗೆರೆ ಎಳೆದರೆ ಲೆಕ್ಕ ಸರಿಯಾಗಿ 10 ಮೀಟರಿಗೆ ಬಂದು ನಿಲ್ಲುತ್ತದೆ! ಗೆರೆಗಳು ಅಚ್ಚುಕಟ್ಟಾಗಿ ಕೂತಿವೆ ಎಂಬುದು ಸಾಕ್ಷಿಯೇ ಅಲ್ಲ.

2 ಮೀಟರಿಗೊಂದು ನೆಟ್ಟಿದ್ದರೆ 22, 24, 26, 28ರಲ್ಲಿ ನಾಲ್ಕು ಬಿಂದುಗಳು ಸಿಕ್ಕಿ ಮೂರನೇ ಗೆರೆ ತಾನಾಗಿ ಕಾಣುತ್ತಿತ್ತು. 24 ಜಿಯೋಫೋನ್ ಇದ್ದರೆ ಸಾಲು 46 ಮೀಟರ್ ಆಗುತ್ತದೆ, ಬಂಡೆಗೂ ಸಾಲುತ್ತದೆ. ಎರಡೂ ತುದಿಯಿಂದ ಹೊಡೆಯಲೇಬೇಕು, ಇಲ್ಲದಿದ್ದರೆ ಬಂಡೆಯ ಇಳಿಜಾರು ವೇಗದ ವ್ಯತ್ಯಾಸದಂತೆ ತೋರುತ್ತದೆ. ಇನ್ನು 1500ರ ಆಸುಪಾಸಿನ ವೇಗ ಕಂಡರೆ ಮೆದುಗಲ್ಲು ಎಂದು ಬರೆಯುವ ಮುಂಚೆ ಪಕ್ಕದ ಬಾವಿಯ ನೀರಿನ ಮಟ್ಟ ನೋಡಿ. ನೀರು ತುಂಬಿದ ಮಣ್ಣಿನ ವೇಗವೂ ಅಷ್ಟೇ.

ಪ್ರಶ್ನೆ: ಕರಾವಳಿಯಲ್ಲೂ ಜಿಯೋಫೋನ್ ಹತ್ತಿರ ಹತ್ತಿರ ನೆಟ್ಟರೆ ಸಾಕೇ?
— ಓದುಗರು, ಉಡುಪಿ

ಉತ್ತರ: ಸಾಲದು. ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಮೆತ್ತನೆಯ ಶೇಡಿ ಮಣ್ಣು ಇದ್ದಲ್ಲಿ ವೇಗ ಆಳಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಅಲೆ ಶೇಡಿಯ ನೆತ್ತಿಯಿಂದ ಬಾಗಿ ಮೇಲಕ್ಕೆ ಮರಳುವುದಿಲ್ಲ, ಹಾಗಾಗಿ ಎಷ್ಟು ಒತ್ತಾಗಿ ನೆಟ್ಟರೂ ಆ ಪದರ ಕಾಣದು. ಬಂಡೆಯವರೆಗೂ ಮುರಕಲ್ಲಿನ ವೇಗವನ್ನೇ ಹಿಡಿದು ಲೆಕ್ಕ ಹಾಕುವುದರಿಂದ ಇಲ್ಲಿ ತಪ್ಪು ತಿರುಗುಮುರುಗು: ಬಂಡೆ ಇರುವುದಕ್ಕಿಂತ ಆಳದಲ್ಲಿದೆ ಎಂದು ಬರುತ್ತದೆ. ನೆಲದ ಮೇಲ್ಮೈ ಅಲೆಗಳನ್ನು ಅಳೆಯುವ ಎಂಎಎಸ್‌ಡಬ್ಲ್ಯೂ ವಿಧಾನವನ್ನೂ ಜೊತೆಗೆ ಮಾಡಿಸಿ, ಸರ್ವೆ ಗೆರೆಯ ಮೇಲೆಯೇ ಒಂದು ಬೋರ್ ಕೊರೆಸಿ.